ಎತ್ತಿಗೆ ಹುರುಳಿ, ನಮಗೆ ಕಟ್ಟು: ಸಸ್ಯಾಹಾರದಲ್ಲೇ ಪೋಷಕಾಂಶ ಸರಿದೂಗಿಸುವ ಬಗೆ

ನಮ್ಮಜ್ಜಿಯ ಊರು ಹೊಸದುರ್ಗದ ಹತ್ತಿರ. ಅಲ್ಲಿ ಹುರುಳಿ ಬೇಯಿಸಿದ ದಿನ ಅದು ಎರಡು ಪಾಲಾಗುತ್ತಿತ್ತು. ಬಸಿದ ಕಟ್ಟು ಮನೆಯವರ ಸಾರಿಗೆ. ಬೆಂದ ಕಾಳು ದೊಡ್ಡ ಬೋಗುಣಿಯಲ್ಲಿ ಕೊಟ್ಟಿಗೆಗೆ, ಎತ್ತುಗಳಿಗೆ. ಒಂದು ಹಿಡಿ ಕಾಳು ಪಲ್ಯಕ್ಕೆ ಉಳಿದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ. ಕಟ್ಟಿನ ಸಾರಿನ ರುಚಿಗೆ ಎರಡು ಮುದ್ದೆ ಸಲೀಸಾಗಿ ಇಳಿಯುತ್ತಿತ್ತು. ಎಷ್ಟೋ ವರ್ಷದ ಮೇಲೆ, ದಾವಣಗೆರೆಯ ನಮ್ಮ ಮನೆಯಲ್ಲಿ ತಕ್ಕಡಿ ಇಟ್ಟುಕೊಂಡು ಲೆಕ್ಕ ಹಾಕುವಾಗ ನಗು ಬಂತು. ಪ್ರೋಟೀನೆಲ್ಲ ಎತ್ತಿಗೆ ಹೋಗುತ್ತಿತ್ತು, ನಮಗೆ ಬರೀ ಘಮ.

ತಕ್ಕಡಿ ಹಿಡಿಯುವ ಗತಿ ಯಾಕೆ ಬಂತು ಅಂದರೆ, ನನ್ನ ಪಾದ ಜುಮುಜುಮು ಅನ್ನತೊಡಗಿತ್ತು. ಜಾಸ್ತಿ ನಿಂತಿದ್ದಕ್ಕೆ ಇರಬೇಕು ಅಂದುಕೊಂಡೆ. ಮೊದಲು ನೋಡಿದ ಡಾಕ್ಟರ್ ಕೂಡ ರಕ್ತ ಕಡಿಮೆ ಇದೆ ಅಂತ ಕಬ್ಬಿಣದ ಮಾತ್ರೆ ಬರೆದು ಕಳಿಸಿದರು. ಆರು ತಿಂಗಳು ಹಾಗೇ ಹೋಯಿತು. ಬೇರೆ ಕಡೆ ತೋರಿಸಿದಾಗ ಬಿ12 ವಿಟಮಿನ್ ಪರೀಕ್ಷೆ ಮಾಡಿಸಿದರು. ಬಂದದ್ದು ಒಂದು ಮಿ.ಲೀ. ರಕ್ತಕ್ಕೆ 140 ಪಿಕೋಗ್ರಾಂ. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುತ್ತಾರೆ. ಅಲ್ಲಿಂದ ನಾನು ಇದನ್ನೆಲ್ಲ ಓದಿ, ತೂಗಿ, ಬರೆದಿಟ್ಟು, ಮನೆಯವರ ಕೈಲಿ ಬೈಸಿಕೊಂಡು ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಖಾಯಿಲೆ ಇದ್ದವರು ಡಾಕ್ಟರ್ ಹೇಳಿದ್ದನ್ನೇ ಕೇಳಬೇಕು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ದಾವಣಗೆರೆ, ಚಿತ್ರದುರ್ಗದ ಕಡೆಯ ಅಡುಗೆಮನೆಯಲ್ಲಿ ಬೇಕಾದ್ದು ಬಹುಪಾಲು ಆಗಲೇ ಇದೆ. ರಾಗಿ ಇದೆ, ಜೋಳ ಇದೆ, ನವಣೆ-ಸಾಮೆ ಇದೆ, ಚಳ್ಳಕೆರೆ ಸೀಮೆಯ ಶೇಂಗಾ ಇದೆ, ಹುರುಳಿ-ಅಲಸಂದೆ ಇದೆ. ವಿದೇಶಿ ಕಾಳು, ಡಬ್ಬಿ ಪುಡಿ ಯಾವುದೂ ಬೇಡ. ತಪ್ಪಿರುವುದು ಪಾಲು. ಅನ್ನ ಗುಡ್ಡೆಯಷ್ಟು, ಬೇಳೆ ಸಾರಿನ ತಳದಷ್ಟು. ಆದರೆ ಒಂದೇ ಒಂದು ವಸ್ತು ಮಾತ್ರ ಯಾವ ಗಿಡದಲ್ಲೂ ನಂಬುವಷ್ಟು ಸಿಗುವುದಿಲ್ಲ. ಅದೇ ಬಿ12. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೆಜ್ಜೆ 1: ಮೂರು ದಿನ ತೂಗಿ ನೋಡಿ

ಒಂದು ಸಣ್ಣ ಡಿಜಿಟಲ್ ತಕ್ಕಡಿ ತನ್ನಿ. ಇಲ್ಲದಿದ್ದರೆ ಪಕ್ಕದ ಅಂಗಡಿಯವರ ಹತ್ತಿರ ನಿಮ್ಮ ಮನೆಯ ಅಳತೆ ಲೋಟ ಕೊಟ್ಟು, ಅದರಲ್ಲಿ ಅಕ್ಕಿ ಎಷ್ಟು ಹಿಡಿಯುತ್ತದೆ, ಬೇಳೆ ಎಷ್ಟು ಹಿಡಿಯುತ್ತದೆ ಅಂತ ಒಮ್ಮೆ ತೂಗಿಸಿಕೊಳ್ಳಿ. ಬೇಯಿಸುವ ಮುಂಚಿನ ತೂಕವೇ ಬರೆಯಿರಿ. ಬೆಂದ ಮೇಲೆ ನೀರು ಸೇರಿ ಲೆಕ್ಕ ತಪ್ಪುತ್ತದೆ. ಕ್ಯಾಲೆಂಡರ್ ಹಿಂದುಗಡೆ ಬರೆದರೂ ಸಾಕು.

ನಾನು ತೂಗಲು ನಿಂತಾಗ ಅತ್ತೆ ಬಾಗಿಲಲ್ಲೇ ನಿಂತು ನೋಡಿದರು. "ಏನವ್ವಾ ಇದು, ತಕ್ಕಡಿ ಹಿಡ್ಕಂಡು ಅಡುಗೆ ಮಾಡ್ತೀಯಲ್ಲ, ಅಂಗಡಿ ಇಡಾಕೇನು?" ಅಂದರು. ಐದು ಜನರ ಮನೆ. ಎರಡು ಹೊತ್ತಿನ ಸಾರಿಗೆ ಸೇರಿ ಬಿದ್ದಿದ್ದ ತೊಗರಿಬೇಳೆ 150 ಗ್ರಾಂ. ಅಕ್ಕಿ ಹತ್ತಿರ ಹತ್ತಿರ ಒಂದು ಕೆಜಿ. ತೊಗರಿಬೇಳೆಯಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್. ಅಂದರೆ 150 ಗ್ರಾಂನಲ್ಲಿ 33. ಐದು ಜನಕ್ಕೆ ಹಂಚಿದರೆ ಇಡೀ ದಿನಕ್ಕೆ ಒಬ್ಬರಿಗೆ ಆರೂವರೆ ಗ್ರಾಂ. "ದಿನಾ ಬೇಳೆ ತಿಂತೀವಲ್ಲ" ಅಂತ ನಾವು ಹೇಳಿಕೊಳ್ಳುವುದು ಇಷ್ಟನ್ನೇ!

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ತಂದಿತು. ಅದರ ಮಾದರಿ ತಟ್ಟೆಯಲ್ಲಿ ಒಬ್ಬರಿಗೆ ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆ-ಕಾಳು ಇದೆ. ಸುಲಭವಾಗಿ ಹೇಳುವುದಾದರೆ ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು. ನಮ್ಮ ಮನೆಯಲ್ಲಿ ಅದು ಆರೇಳು ಪಾಲಿಗೆ ಒಂದಿತ್ತು. ನಿಮ್ಮ ಮನೆಯದ್ದೂ ಹೆಚ್ಚು ಕಡಿಮೆ ಹಾಗೇ ಇರುತ್ತದೆ, ನೋಡಿ ಬೇಕಾದರೆ.

ಹೆಜ್ಜೆ 2: ಪ್ರೋಟೀನ್ ಸರಿ ಮಾಡಿ

ದೊಡ್ಡವರಿಗೆ ತೂಕದ ಒಂದು ಕೆಜಿಗೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕೆಜಿ ಹೆಂಗಸಿಗೆ ಸುಮಾರು 46 ಗ್ರಾಂ, 65 ಕೆಜಿ ಗಂಡಸಿಗೆ 54 ಗ್ರಾಂ. ಕಾಳು, ಧಾನ್ಯದ ಪ್ರೋಟೀನ್ ಹಾಲು-ಮೊಟ್ಟೆಯದ್ದರಷ್ಟು ಪೂರ್ತಿ ಜೀರ್ಣವಾಗುವುದಿಲ್ಲ. ಹಾಗಾಗಿ ನಾನು ಕೆಜಿಗೆ ಒಂದು ಗ್ರಾಂ ಅಂತ ಇಟ್ಟುಕೊಂಡೆ. ಲೆಕ್ಕಕ್ಕೂ ಸುಲಭ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಏರಿಸಬಾರದು.

ನೆನಪಿಟ್ಟುಕೊಳ್ಳಬೇಕಾದ ಅಂಕಿ ಕೆಲವೇ. ಒಣ ಬೇಳೆ-ಕಾಳು ಯಾವುದಾದರೂ ಸರಿ, ತೊಗರಿ, ಹೆಸರು, ಹುರುಳಿ, ಅಲಸಂದೆ, ಕಡಲೆ, ನೂರು ಗ್ರಾಂಗೆ 20ರಿಂದ 24. ಶೇಂಗಾ ಸುಮಾರು 24. ಮೀಲ್ ಮೇಕರ್ (ಸೋಯಾ ಉಂಡೆ) 50ಕ್ಕೂ ಜಾಸ್ತಿ. ನವಣೆ 12ರ ಆಸುಪಾಸು, ಜೋಳ, ಗೋಧಿ 10ರ ಆಸುಪಾಸು, ಅಕ್ಕಿ, ರಾಗಿ 7ರ ಆಸುಪಾಸು. ಒಂದು ಲೋಟ ಹಾಲಿಗೆ 6, ಒಂದು ಮೊಟ್ಟೆಗೆ 6.

ಧಾನ್ಯದಲ್ಲಿ ಲೈಸಿನ್ ಅನ್ನುವ ಪ್ರೋಟೀನಿನ ಅಂಶ ಕಡಿಮೆ, ಕಾಳಿನಲ್ಲಿ ಅದು ಚೆನ್ನಾಗಿದೆ. ಕಾಳಿನಲ್ಲಿ ಕಡಿಮೆ ಇರುವುದು ಧಾನ್ಯದಲ್ಲಿದೆ. ಮುದ್ದೆ-ಹುರುಳಿ, ರೊಟ್ಟಿ-ಹೆಸರುಕಾಳು ಪಲ್ಯ, ಇಡ್ಲಿಯ ಅಕ್ಕಿ-ಉದ್ದು, ಎಲ್ಲ ಇದೇ ಜೋಡಿ. ಎರಡೂ ಒಂದೇ ತುತ್ತಿನಲ್ಲಿ ಇರಬೇಕು ಅಂತೇನಿಲ್ಲ. ಒಂದೇ ದಿನದಲ್ಲಿ ಹೊಟ್ಟೆಗೆ ಬಿದ್ದರೆ ಸಾಕು.

ಇನ್ನು ಏರಿಸುವುದು ಹೇಗೆ? ಸಾರನ್ನು ಗಟ್ಟಿ ಮಾಡಿ. ಬೇಳೆ ಹೆಚ್ಚಿಸಿ, ತಿಳಿ ಸಾರಿನ ಬದಲು ಹುಳಿ ಮಾಡಿ. ಕಟ್ಟಿನ ಸಾರು ಮಾಡಿದ ದಿನ ಬಸಿದ ಕಾಳನ್ನು ಬಿಡಬೇಡಿ. ಈರುಳ್ಳಿ, ಕರಿಬೇವು, ಒಣಮೆಣಸಿನಕಾಯಿ ಒಗ್ಗರಣೆಗೆ ಕಾಳು ಹಾಕಿ, ಮೇಲೆ ಕೊಬ್ಬರಿ ತುರಿ ಉದುರಿಸಿ. ಅದೇ ಪಲ್ಯ. ಅರ್ಧ ಕಾಳು ರುಬ್ಬಿ ಸಾರಿಗೇ ಸೇರಿಸಿದರೂ ಆಯಿತು. ಎತ್ತುಗಳಂತೂ ಈಗ ಕೊಟ್ಟಿಗೆಯಲ್ಲಿ ಇಲ್ಲ.

ದಿನಕ್ಕೊಂದು ಕಾಳು ಪಲ್ಯ ಅಂತ ಗಟ್ಟಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಇದಕ್ಕೆ ಬೇಕಿರುವುದು ಹಿಂದಿನ ರಾತ್ರಿಯ ನೆನಪು ಅಷ್ಟೇ. ಊಟ ಮುಗಿದು ಪಾತ್ರೆ ತೊಳೆಯುವಾಗಲೇ ಎರಡು ಹಿಡಿ ಹೆಸರುಕಾಳು ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿ ತಟ್ಟೆಯ ಮೇಲಿಡಿ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಸಂಜೆ ಹೊತ್ತಿಗೇ ಮೊಳಕೆ ಬಟ್ಟೆ ಚುಚ್ಚಿಕೊಂಡು ಆಚೆ ಇಣುಕುತ್ತದೆ. ಚಳಿಗಾಲದಲ್ಲಿ ಮಾರನೆ ದಿನದವರೆಗೆ ಕಾಯಬೇಕು. ಹುರುಳಿಗೆ ಒಂದೂವರೆ ದಿನ. ಬೇಸಿಗೆಯಲ್ಲಿ ಬಟ್ಟೆ ಒಣಗದಂತೆ ನೀರು ಚಿಮುಕಿಸಬೇಕು, ಆದರೆ ನೀರು ನಿಲ್ಲಬಾರದು. ನಿಂತರೆ ಲೋಳೆ ಬಂದು ವಾಸನೆ ಬರುತ್ತದೆ, ಅದನ್ನು ತಿನ್ನಬೇಡಿ. ಮೊಳಕೆಯನ್ನು ಹಸಿಯಾಗಿ ತಿನ್ನುವುದಕ್ಕಿಂತ ಒಂದು ಆವಿ ಕೊಟ್ಟು ತಿನ್ನುವುದು ಹೊಟ್ಟೆಗೆ ಕ್ಷೇಮ.

"ಕಾಳು ತಿಂದ್ರೆ ಗ್ಯಾಸ್" ಅನ್ನುವವರು ತುಂಬಾ ಜನ. ನಿಜವೇ. ಏಕಾಏಕಿ ಜಾಸ್ತಿ ಮಾಡಿದರೆ ಆಗುತ್ತದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿ. ಇಂಗು, ಶುಂಠಿ, ಜೀರಿಗೆ ಕೈ ಬಿಡಬೇಡಿ. ಮೊದಲ ವಾರ ಎರಡು ಚಮಚ, ಮುಂದಿನ ವಾರ ನಾಲ್ಕು. ಹೊಟ್ಟೆ ಮೂರು ವಾರದಲ್ಲಿ ಹೊಂದಿಕೊಳ್ಳುತ್ತದೆ. ಸಿಪ್ಪೆ ತೆಗೆದ ಹೆಸರುಬೇಳೆ ಎಲ್ಲದಕ್ಕಿಂತ ಹಗುರ, ಅದರಿಂದ ಶುರು ಮಾಡಿ.

ಈಗ ಮಂಡಕ್ಕಿ. ದಾವಣಗೆರೆಯಲ್ಲಿ ಇದ್ದು ಮಂಡಕ್ಕಿ ಬಿಡಿ ಅಂದರೆ ಯಾರು ಕೇಳುತ್ತಾರೆ? ನಾನೂ ಬಿಟ್ಟಿಲ್ಲ. ಒಂದು ದೊಡ್ಡ ಬಟ್ಟಲು ಮಂಡಕ್ಕಿ ತೂಗಿದರೆ ಮೂವತ್ತೇ ಗ್ರಾಂ. ಪ್ರೋಟೀನ್ ಎರಡು ಗ್ರಾಂ. ನೋಡಲು ಗುಡ್ಡೆ, ಒಳಗೆ ಗಾಳಿ. ಅದಕ್ಕೇ ಒಂದು ಹಿಡಿ ಹುರಿದ ಶೇಂಗಾ, ಅರ್ಧ ಹಿಡಿ ಪುಟಾಣಿ, ಮೊಳಕೆ ಹೆಸರು, ಈರುಳ್ಳಿ, ಟೊಮೆಟೊ, ಕೊತ್ತಂಬರಿ ಹಾಕಿ ಮೇಲೆ ನಿಂಬೆ ಹಿಂಡಿದರೆ ಹತ್ತು ಗ್ರಾಂ ದಾಟುತ್ತದೆ. ಪಕ್ಕದ ಮಿರ್ಚಿ ಎರಡರ ಬದಲು ಒಂದಿರಲಿ. ಬೆಣ್ಣೆ ದೋಸೆಯನ್ನು ನಾನು ಲೆಕ್ಕದಿಂದಲೇ ಹೊರಗಿಟ್ಟಿದ್ದೇನೆ. ಅದು ಖುಷಿಗೆ ತಿನ್ನುವುದು, ಪ್ರೋಟೀನಿಗೆ ಅಲ್ಲ. ಮನೆಯ ದೋಸೆಗೆ ಮಾತ್ರ ಹಿಟ್ಟು ರುಬ್ಬುವಾಗ ಉದ್ದು ಸ್ವಲ್ಪ ಜಾಸ್ತಿ ಹಾಕಿ, ವಾರದಲ್ಲಿ ಎರಡು ದಿನ ಹೆಸರುಕಾಳಿನ ದೋಸೆ ಹೊಯ್ಯಿರಿ.

ಶೇಂಗಾ ಬಗ್ಗೆ ಒಂದು ಎಚ್ಚರಿಕೆ. ಮುಗ್ಗಲು ವಾಸನೆ ಬಂದ, ಬೂಸ್ಟು ಹಿಡಿದ, ಸುಕ್ಕಾಗಿ ಕಪ್ಪಾದ ಬೀಜ ಆರಿಸಿ ಎಸೆಯಿರಿ. ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಹೆಜ್ಜೆ 3: ಬಿ12, ಊಟವನ್ನೇ ನೆಚ್ಚಿಕೊಂಡು ಕೂರಬೇಡಿ

ಬಿ12 ತಯಾರು ಮಾಡುವುದು ಬ್ಯಾಕ್ಟೀರಿಯಾ. ಗಿಡ ಅದನ್ನು ಮಾಡುವುದಿಲ್ಲ, ಅದಕ್ಕೆ ಬೇಕಾಗಿಯೂ ಇಲ್ಲ. ಹಸು-ಎಮ್ಮೆಗೆ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾದಿಂದ ಸಿಗುತ್ತದೆ, ಹಾಲಿಗೆ ಬರುತ್ತದೆ. ನಮಗೆ ಸಿಗುವುದು ಹಾಲು, ಮೊಸರು, ಪನೀರ್, ಮೊಟ್ಟೆ, ಮೀನು, ಮಾಂಸದಿಂದ. ಹುಳಿ ಬಂದ ಇಡ್ಲಿ ಹಿಟ್ಟಲ್ಲಿದೆ, ಸ್ಪಿರುಲಿನಾದಲ್ಲಿದೆ, ಸೊಪ್ಪಲ್ಲಿದೆ ಅಂತೆಲ್ಲ ಹೇಳುವವರಿದ್ದಾರೆ. ಸ್ಪಿರುಲಿನಾದಲ್ಲಿ ಇರುವುದು ಬಹುಪಾಲು ಬಿ12ನ ಹಾಗೆ ಕಾಣುವ, ನಮ್ಮ ಮೈಗೆ ಕೆಲಸಕ್ಕೆ ಬಾರದ ವಸ್ತು. ಇಡ್ಲಿ ಹಿಟ್ಟನ್ನೂ ನಂಬಿ ಕೂರುವಂತಿಲ್ಲ.

ದಿನಕ್ಕೆ ಬೇಕಿರುವುದು ಎರಡು-ಎರಡೂವರೆ ಮೈಕ್ರೋಗ್ರಾಂ. ಚಿಟಿಕೆಯ ಚಿಟಿಕೆಯೂ ಅಲ್ಲ. ಆದರೆ 200 ಮಿ.ಲೀ. ಹಾಲಿನಲ್ಲಿ ಒಂದು ಮೈಕ್ರೋಗ್ರಾಂಗಿಂತ ಕಡಿಮೆಯೇ ಸಿಗುತ್ತದೆ. ಮತ್ತೆ ಮತ್ತೆ ಕುದಿಸಿದರೆ ಅದರಲ್ಲೂ ಒಂದಿಷ್ಟು ಹೋಗುತ್ತದೆ. ನಾವು ದಿನಾ ಹಾಲು ಕುಡಿಯುತ್ತೇವೆ ಅನ್ನುವುದು ಎಷ್ಟೋ ಮನೆಗಳಲ್ಲಿ ಎರಡು ಕಪ್ ಚಹಾದಲ್ಲಿ ಬಿದ್ದ ನಾಲ್ಕು ಚಮಚ ಹಾಲು, ಊಟದ ಕೊನೆಗೆ ಒಂದು ಲೋಟ ನೀರು ಮಜ್ಜಿಗೆ. ಅಲ್ಲಿಗೆ ಅದು ಸಾಲುವುದಿಲ್ಲ ಅಲ್ವಾ? ನನಗೂ ಹೀಗೇ ಆದದ್ದು.

ಇದರಲ್ಲಿ ಒಂದು ಮೋಸವಿದೆ. ಸೊಪ್ಪು, ಕಾಳು ಚೆನ್ನಾಗಿ ತಿನ್ನುವವರಿಗೆ ಫೋಲೇಟ್ (ಬಿ9 ವಿಟಮಿನ್) ಧಾರಾಳವಾಗಿ ಸಿಗುತ್ತದೆ. ಫೋಲೇಟ್ ಇದ್ದರೆ ಬಿ12 ಕೊರತೆಯಿಂದ ಬರುವ ರಕ್ತಹೀನತೆ ಎದ್ದು ಕಾಣದೆ ಹೋಗಬಹುದು. ರಕ್ತದ ರಿಪೋರ್ಟ್ ಸುಮಾರಾಗಿ ಚೆನ್ನಾಗಿರುತ್ತದೆ, ಒಳಗೆ ನರಗಳು ಮಾತ್ರ ಸೊರಗುತ್ತಿರುತ್ತವೆ. ಲಿವರಿನಲ್ಲಿ ದಾಸ್ತಾನು ಇರುವುದರಿಂದ ಕೊರತೆ ತಲೆದೋರಲು ವರ್ಷಗಳೇ ಹಿಡಿಯುತ್ತವೆ. ಪಾದ, ಬೆರಳು ಜುಮುಜುಮು ಅನ್ನುವುದು, ನಾಲಿಗೆ ಕೆಂಪಾಗಿ ಉರಿಯುವುದು, ಸುಮ್ನೆ ಸುಸ್ತು, ಮರೆವು, ನಡೆಯುವಾಗ ತೂಗಿದ ಹಾಗಾಗುವುದು, ಇವುಗಳಲ್ಲಿ ಯಾವುದಿದ್ದರೂ ವಯಸ್ಸಾಯ್ತು ಅಂತ ಬಿಡಬೇಡಿ. ತುಂಬಾ ತಡವಾದರೆ ನರದ ಹಾನಿ ಪೂರ್ತಿ ಸರಿಹೋಗದೆಯೂ ಇರಬಹುದು.

ಹಾಗಾದರೆ ಮಾಡುವುದೇನು? ಹಾಲು-ಮೊಸರು ತಿನ್ನುವವರು ದಿನಕ್ಕೆ ಎರಡು ದೊಡ್ಡ ಲೋಟದಷ್ಟು ಹಾಲು ಅಥವಾ ಗಟ್ಟಿ ಮೊಸರು ಒಳಗೆ ಹೋಗುತ್ತಿದೆಯಾ ನೋಡಿಕೊಳ್ಳಿ. ಮೊಟ್ಟೆ ಆಗುವವರು ಅದನ್ನೂ ಸೇರಿಸಿ. ವರ್ಷಕ್ಕೊಮ್ಮೆ ಬಿ12 ಪರೀಕ್ಷೆ ಮಾಡಿಸಿ. ಹಾಲನ್ನೂ ಬಿಟ್ಟವರಿಗೆ ಮಾತ್ರೆಯೇ ದಾರಿ, ಅದರಲ್ಲಿ ಯೋಚಿಸಲು ಏನೂ ಇಲ್ಲ. ಯಾವ ಅಳತೆ, ಎಷ್ಟು ದಿನಕ್ಕೊಮ್ಮೆ ಅಂತ ಡಾಕ್ಟರ್ ಹೇಳುತ್ತಾರೆ. ಒಮ್ಮೆ ನುಂಗಿದ ಮಾತ್ರೆಯಲ್ಲಿ ಮೈ ಹಿಡಿದುಕೊಳ್ಳುವುದು ಸ್ವಲ್ಪವೇ. ಅದಕ್ಕೇ ಮಾತ್ರೆಯ ಮೇಲೆ 500, 1500 ಮೈಕ್ರೋಗ್ರಾಂ ಅಂತ ದೊಡ್ಡ ಸಂಖ್ಯೆ ಇರುತ್ತದೆ, ನೋಡಿ ಗಾಬರಿಯಾಗಬೇಡಿ. ತೀರಾ ಕಡಿಮೆ ಇದ್ದರೆ ಇಂಜೆಕ್ಷನ್ ಕೊಡುತ್ತಾರೆ. ನನಗೂ ಮೊದಲು ಇಂಜೆಕ್ಷನ್, ಆಮೇಲೆ ಮಾತ್ರೆ ಕೊಟ್ಟರು.

ಸಕ್ಕರೆ ಖಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು, ಎದೆಯುರಿಗೆ ಅಂತ ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ಥರದ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಈ ಎರಡೂ ಮಾತ್ರೆ ಬಿ12 ಹೀರಿಕೆಗೆ ಅಡ್ಡ ಬರುತ್ತವೆ. ಹಾಗಂತ ಮಾತ್ರೆ ನಿಲ್ಲಿಸಬೇಡಿ, ಪರೀಕ್ಷೆ ಮಾಡಿಸಿ.

ಇಲ್ಲೇ ಪಡಿತರ ಅಕ್ಕಿಯ ಮಾತು ಹೇಳಬೇಕು. ಈಚಿನ ವರ್ಷಗಳಲ್ಲಿ ಸೊಸೈಟಿ ಅಕ್ಕಿಯಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಕಾಳುಗಳನ್ನು ನೂರಕ್ಕೆ ಒಂದರಂತೆ ಬೆರೆಸಿ ಕೊಟ್ಟಿದ್ದಾರೆ. ಅಕ್ಕಿ ಹಿಟ್ಟಿನಿಂದಲೇ ಮಾಡಿ ಅಕ್ಕಿಯ ಆಕಾರಕ್ಕೆ ತಂದ ಕಾಳು ಅದು. ಬಣ್ಣ ಒಂದು ಚೂರು ಬೇರೆ, ತೊಳೆಯುವಾಗ ಕೆಲವು ತೇಲುತ್ತವೆ. ನಮ್ಮ ಬೀದಿಯ ಒಬ್ಬ ಅಜ್ಜಿ ಮೊರದಲ್ಲಿ ಅಕ್ಕಿ ಹರಡಿಕೊಂಡು ಒಂದೊಂದೇ ಆರಿಸುತ್ತಿದ್ದರು. "ಪ್ಲಾಸ್ಟಿಕ್ ಅಕ್ಕಿ ಕಣಮ್ಮ, ಕಲಬೆರಕೆ ಮಾಡ್ಯಾರೆ" ಅಂದರು. ಮೊರದ ಮೂಲೆಯಲ್ಲಿ ಅಂಥ ಇಪ್ಪತ್ತು ಮೂವತ್ತು ಕಾಳು ಒಟ್ಟಾಗಿದ್ದವು. ಆ ಅಕ್ಕಿಯಲ್ಲಿ ಒಳ್ಳೆಯದು ಅಂತ ಸೇರಿಸಿದ್ದೇ ಅವು! ಆರಿಸಿ ಎಸೆಯಬೇಡಿ. ಐದಾರು ಸಲ ಉಜ್ಜಿ ತೊಳೆದು, ಗಂಜಿ ಬಸಿದು ಚೆಲ್ಲಲೂ ಬೇಡಿ. ಆದರೆ ಅದರಲ್ಲಿನ ಬಿ12 ಕೆಜಿಗೆ ಒಂದು ಮೈಕ್ರೋಗ್ರಾಂ ಆಸುಪಾಸು. ಅದೊಂದನ್ನೇ ನೆಚ್ಚಿದರೆ ಸಾಲದು.

ಹೆಜ್ಜೆ 4: ಕಬ್ಬಿಣ, ಕೆಂಪು ಬಣ್ಣಕ್ಕೆ ಮರುಳಾಗಬೇಡಿ

ಹಿರಿಯೂರು, ಹೊಸದುರ್ಗದ ಕಡೆ ದಾಳಿಂಬೆ ತೋಟ ಬೇಕಾದಷ್ಟಿವೆ. ರಕ್ತ ಕಡಿಮೆ ಅಂದರೆ ಮೊದಲು ತರುವುದೇ ದಾಳಿಂಬೆ, ಆಮೇಲೆ ಬೀಟ್ರೂಟ್. ಎರಡೂ ಒಳ್ಳೆಯವೇ. ಆದರೆ ದಾಳಿಂಬೆಯಲ್ಲಿ ನೂರು ಗ್ರಾಂಗೆ ಒಂದು ಮಿಲಿಗ್ರಾಂ ಕಬ್ಬಿಣ ಕೂಡ ಇಲ್ಲ. ದೊಡ್ಡ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ, ಗಂಡಸರಿಗೆ 19 ಬೇಕು. ಕಬ್ಬಿಣ ಇರುವುದು ಕಪ್ಪು, ಹಸಿರು, ಕಂದು ಬಣ್ಣದವುಗಳಲ್ಲಿ. ಹುರುಳಿ, ಸಜ್ಜೆ, ರಾಗಿ, ಕಡಲೆ, ಕರಿ ಎಳ್ಳು, ಗುರೆಳ್ಳು, ಸೊಪ್ಪು.

ಗಿಡದ ಕಬ್ಬಿಣದ ತೊಂದರೆ ಅಂದರೆ ಮೈ ಅದನ್ನು ಸುಲಭವಾಗಿ ಹೀರುವುದಿಲ್ಲ. ಕಾಳು, ಧಾನ್ಯದ ಹೊಟ್ಟಿನಲ್ಲಿರುವ ಫೈಟೇಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ನೆನೆಸುವುದು, ಮೊಳಕೆ ಕಟ್ಟುವುದು, ಹುಳಿ ಬರಿಸುವುದು ಈ ಹಿಡಿತ ಸಡಿಲ ಮಾಡುತ್ತವೆ. ಜೊತೆಗೆ ಸಿ ವಿಟಮಿನ್ ಬೇಕು. ಪಲ್ಯದ ಮೇಲೆ ನಿಂಬೆ ಹಿಂಡಿ, ಒಲೆ ಆರಿಸಿದ ಮೇಲೆ. ಊಟದ ಜೊತೆ ಹಸಿ ಟೊಮೆಟೊ, ನೆಲ್ಲಿಕಾಯಿ ಚಟ್ನಿ, ಇಲ್ಲವೇ ಊಟದ ಕೊನೆಗೆ ಒಂದು ಸೀಬೆಹಣ್ಣು. ಸೀಬೆಯಲ್ಲಿ ಕಿತ್ತಳೆಗಿಂತ ಎಷ್ಟೋ ಪಟ್ಟು ಜಾಸ್ತಿ ಸಿ ವಿಟಮಿನ್ ಇದೆ, ರೊಕ್ಕವೂ ಕಡಿಮೆ.

ಮತ್ತೆ ಚಹಾ. ಊಟ ಆದ ತಕ್ಷಣ ಚಹಾ ಕುಡಿಯುವುದು ನಮ್ಮ ಮನೆಯ ದೊಡ್ಡ ಚಟವಾಗಿತ್ತು. ಚಹಾದ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಚಹಾ-ಕಾಫಿ ಬೇಡ ಅಂತ ಮೇಲೆ ಹೇಳಿದ ಮಾರ್ಗಸೂಚಿಯಲ್ಲೇ ಇದೆ. ಇದೊಂದಕ್ಕೆ ಖರ್ಚೇ ಇಲ್ಲ. ಮಾಡಲು ಮಾತ್ರ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಮಾವ ಇವತ್ತಿಗೂ ಒಪ್ಪಿಲ್ಲ.

ಕಬ್ಬಿಣದ ಬಾಣಲೆ ಅಟ್ಟದಲ್ಲಿದ್ದರೆ ಇಳಿಸಿ. ಹುಳಿ ಇರುವ ಪಲ್ಯ, ಪುಂಡಿ ಸೊಪ್ಪು, ಟೊಮೆಟೊ ಗೊಜ್ಜು ಅದರಲ್ಲಿ ಮಾಡಿದರೆ ಒಂದಿಷ್ಟು ಕಬ್ಬಿಣ ಅಡುಗೆಗೆ ಇಳಿಯುತ್ತದೆ. ಆದ ಕೂಡಲೇ ಬೇರೆ ಪಾತ್ರೆಗೆ ಸುರಿಯಿರಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಹಿಮೋಗ್ಲೋಬಿನ್ ಆಗಲೇ ತುಂಬ ಕೆಳಗಿದ್ದರೆ ಊಟದಿಂದಲೇ ಏರಿಸುತ್ತೇನೆ ಅಂತ ಹಟ ಬೇಡ, ಮಾತ್ರೆ ಬೇಕಾಗುತ್ತದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬೇಡಿ. ಒಂದು ಬೆಳಿಗ್ಗೆ, ಒಂದು ರಾತ್ರಿ.

ಹೆಜ್ಜೆ 5: ಕ್ಯಾಲ್ಸಿಯಂ

ದಿನಕ್ಕೆ 1000 ಮಿಲಿಗ್ರಾಂ. ಇಲ್ಲಿ ಚಿತ್ರದುರ್ಗದವರು ಪುಣ್ಯವಂತರು, ಮುದ್ದೆ ತಿನ್ನುತ್ತಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಕ್ಕಿಯಲ್ಲಿ ಹತ್ತರ ಹತ್ತಿರ. ರಾತ್ರಿಯ ಅನ್ನದ ಬದಲು ಒಂದು ಮುದ್ದೆ ಅಂತ ಬದಲಾಯಿಸಿದರೆ ಮುನ್ನೂರು ಸಿಕ್ಕಿತು. ಒಂದು ದೊಡ್ಡ ಲೋಟ ಹಾಲಿಗೆ 240. ನುಗ್ಗೆಸೊಪ್ಪು ನೂರು ಗ್ರಾಂಗೆ ಮುನ್ನೂರರ ಮೇಲೆ. ಪಾಲಕ್, ದಂಟು, ಬಸಳೆಯಲ್ಲೂ ಕ್ಯಾಲ್ಸಿಯಂ ಇದೆ, ಆದರೆ ಆ ಸೊಪ್ಪುಗಳಲ್ಲೇ ಇರುವ ಆಕ್ಸಲೇಟ್ ಅನ್ನುವ ವಸ್ತು ಅದನ್ನು ಮೈಗೆ ಬಿಡುವುದಿಲ್ಲ. ಹಾಗಾಗಿ ಕ್ಯಾಲ್ಸಿಯಂ ಲೆಕ್ಕಕ್ಕೆ ನುಗ್ಗೆ, ಮೆಂತ್ಯ ಹಿಡಿಯಿರಿ. ಎಳ್ಳು ಸಿಪ್ಪೆ ಸಮೇತ ಇರಬೇಕು. ಬೆಳ್ಳಗೆ ಪಾಲಿಶ್ ಮಾಡಿದ್ದರಲ್ಲಿ ಬಹುಪಾಲು ಕ್ಯಾಲ್ಸಿಯಂ ಸಿಪ್ಪೆಯ ಜೊತೆಗೇ ಹೋಗಿರುತ್ತದೆ.

ಚಿತ್ರದುರ್ಗ, ಜಗಳೂರು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ. ಅಲ್ಲಿ ಕುಡಿಯಲು, ಅಡುಗೆಗೆ ಎರಡಕ್ಕೂ ಶುದ್ಧ ನೀರಿನ ಘಟಕದ ನೀರೇ ಬಳಸಿ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದವರಿಗೆ ಫ್ಲೋರೈಡ್ ಕಾಟ ಜಾಸ್ತಿ. ಮಕ್ಕಳಿಗಂತೂ ಹಾಲು, ರಾಗಿ ತಪ್ಪಿಸಬೇಡಿ.

ಹೆಜ್ಜೆ 6: ಉಳಿದವು

ಅಯೋಡಿನ್: ಕಲ್ಲುಪ್ಪು, ಸೈಂಧವ ಉಪ್ಪಿನ ಗೀಳು ಈಗ ಜಾಸ್ತಿ. ಅವುಗಳಲ್ಲಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ಪ್ಯಾಕೆಟ್ಟಿನ ಅಯೋಡಿನ್ ಉಪ್ಪನ್ನೇ ಬಳಸಿ, ಡಬ್ಬಿ ಮುಚ್ಚಿಡಿ. ಕಲ್ಲುಪ್ಪು ಉಪ್ಪಿನಕಾಯಿಗೆ ಇರಲಿ.

ಡಿ ವಿಟಮಿನ್: ಊಟದಿಂದ ಸಾಲುವಷ್ಟು ಬರುವುದಿಲ್ಲ, ಬಿಸಿಲು ಬೇಕು. ನಮ್ಮಲ್ಲಿ ಬಿಸಿಲಿಗೇನು ಬರ, ಆದರೆ ನಾವೆಲ್ಲ ನೆರಳಲ್ಲಿ ಇರುವವರು. ಕಡಿಮೆ ಇದ್ದರೆ 60,000 ಯೂನಿಟ್ಟಿನ ಪೊಟ್ಟಣ ಬರೆದುಕೊಡುತ್ತಾರೆ. ಡಾಕ್ಟರ್ ಹೇಳಿದಷ್ಟು ವಾರ ಮಾತ್ರ. ಚೀಟಿ ಹಳೆಯದಿದೆ ಅಂತ ತಾವಾಗಿಯೇ ಮುಂದುವರಿಸಬಾರದು, ಜಾಸ್ತಿಯಾದರೆ ಅದೂ ಕೆಡುಕು.

ಜಿಂಕ್: ಕಾಳು, ಎಳ್ಳು, ಶೇಂಗಾ, ಸಜ್ಜೆ ತಿನ್ನುತ್ತಿದ್ದರೆ, ನೆನೆಸಿ-ಮೊಳಕೆ ಕಟ್ಟಿ ತಿನ್ನುತ್ತಿದ್ದರೆ ಪ್ರತ್ಯೇಕ ಚಿಂತೆ ಬೇಡ.

ಒಮೆಗಾ-3: ಮೈಗೆ ಬೇಕಾದ ಒಂದು ಬಗೆಯ ಕೊಬ್ಬು. ಇದಕ್ಕೆ ನಮ್ಮ ಕಡೆ ಬಲವಾದ ಉತ್ತರ ಇದೆ, ಅಗಸೆ ಚಟ್ನಿಪುಡಿ. ಗಾಣದ ಶೇಂಗಾ ಎಣ್ಣೆ ರುಚಿಗೆ ಒಳ್ಳೆಯದು, ಆದರೆ ಅದರಲ್ಲಿ ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ. ಒಂದು ದೊಡ್ಡ ಚಮಚ ಅಗಸೆ ಪುಡಿಯಲ್ಲಿ ಸುಮಾರು ಒಂದೂವರೆ ಗ್ರಾಂ ಇದೆ, ದಿನಕ್ಕೆ ಅಷ್ಟು ಸಾಕು. ಇಡಿ ಬೀಜ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಪುಡಿಯೇ ಆಗಬೇಕು. ನಾನು ಮಾಡುವುದು ಹೀಗೆ. ನೂರು ಗ್ರಾಂ ಅಗಸೆಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಹಾಕಿ ಕೈಯಾಡಿಸುತ್ತೇನೆ. ಮೊದಲು ಸುಮ್ಮನಿರುತ್ತದೆ, ಆಮೇಲೆ ಒಂದೊಂದೇ ಚಟ್ ಅನ್ನುತ್ತದೆ, ಕೊನೆಗೆ ಎಲ್ಲ ಒಟ್ಟಿಗೆ ಚಟಪಟ ಅಂತ ಬಾಣಲೆಯಿಂದ ಎಗರುತ್ತದೆ. ಆಗ ಉರಿ ಆರಿಸಬೇಕು. ಕಪ್ಪಾಗಲು ಬಿಟ್ಟರೆ ಕಹಿ. ಹತ್ತು ಬ್ಯಾಡಗಿ ಮೆಣಸಿನಕಾಯಿ, ಒಂದು ಹಿಡಿ ಕರಿಬೇವು ಗರಿಗರಿ ಆಗುವ ಹಾಗೆ ಬೇರೆಯಾಗಿ ಹುರಿದು, ಜೀರಿಗೆ, ಆರೇಳು ಎಸಳು ಬೆಳ್ಳುಳ್ಳಿ, ಚೂರು ಹುಣಸೆ, ಉಪ್ಪು ಸೇರಿಸಿ ತರಿತರಿಯಾಗಿ ಪುಡಿ ಮಾಡುತ್ತೇನೆ. ಪುಡಿ ಹೆಚ್ಚು ದಿನ ಇಟ್ಟರೆ ಎಣ್ಣೆ ಮುಗ್ಗುತ್ತದೆ. ಹದಿನೈದು ದಿನಕ್ಕೆ ಆಗುವಷ್ಟೇ ಮಾಡಿ. ಗುರೆಳ್ಳು ಪುಡಿ, ಶೇಂಗಾ ಪುಡಿಯೂ ಪಕ್ಕದಲ್ಲಿ ಇರಲಿ. ಮೂರು ಡಬ್ಬಿ ಇದ್ದರೆ ಪಲ್ಯ ಮಾಡಲು ಬೇಜಾರಾದ ದಿನವೂ ಊಟಕ್ಕೆ ಸತ್ವ ಇರುತ್ತದೆ.

ಹೆಜ್ಜೆ 7: ಒಂದು ದಿನದ ಊಟ, ಲೆಕ್ಕ ಸಮೇತ

ಇದು ನನ್ನ ಒಂದು ಮಾಮೂಲಿ ದಿನ. ಬೆಳಿಗ್ಗೆ ಮೊಳಕೆ ರಾಗಿ ಹಿಟ್ಟು 30 ಗ್ರಾಂ, ಹಾಲು 150 ಮಿ.ಲೀ. ಹಾಕಿದ ಗಂಜಿ: ಪ್ರೋಟೀನ್ 7 ಗ್ರಾಂ. ತಿಂಡಿಗೆ ಶೇಂಗಾ ಹಾಕಿದ ಉಪ್ಪಿಟ್ಟು: 9. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ನುಗ್ಗೆಸೊಪ್ಪು, ಒಂದು ಬಟ್ಟಲು ಗಟ್ಟಿ ಮೊಸರು, ಅಗಸೆ ಪುಡಿ: 22. ಸಂಜೆ ಮೇಲೆ ಹೇಳಿದ ಮಂಡಕ್ಕಿ, ಮೊಳಕೆ ಇಲ್ಲದ ದಿನ: 7. ರಾತ್ರಿ ಮುದ್ದೆ, ಕಾಳು ಬಿಡದ ಹುರುಳಿ ಸಾರು: 11. ಕೂಡಿದರೆ 56. ನನ್ನ ತೂಕ 56 ಕೆಜಿ, ಸರಿ ಹೋಯಿತು. ಕ್ಯಾಲ್ಸಿಯಂ 900 ದಾಟುತ್ತದೆ, ಮಲಗುವಾಗ ಅರ್ಧ ಲೋಟ ಹಾಲು ಕುಡಿದರೆ ಸಾವಿರ. ಪ್ರತಿದಿನ ಹೀಗೆ ಆಗುವುದಿಲ್ಲ. ಮದುವೆ ಊಟದ ದಿನ, ಜ್ವರದ ದಿನ, ಬೆಣ್ಣೆ ದೋಸೆಯ ಭಾನುವಾರ ಇದ್ದೇ ಇರುತ್ತವೆ. ವಾರದಲ್ಲಿ ಐದು ದಿನ ಸರಿಯಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಬಸುರಿಯರು, ಬಾಣಂತಿಯರು ಈ ಲೆಕ್ಕ ಹಿಡಿಯಬೇಡಿ, ಅವರಿಗೆ ಎಲ್ಲವೂ ಬೇರೆ. ತಾಯಿಗೆ ಬಿ12 ಕಡಿಮೆ ಇದ್ದರೆ ಎದೆಹಾಲು ಕುಡಿಯುವ ಮಗುವಿಗೂ ಕಡಿಮೆಯಾಗುತ್ತದೆ, ಡಾಕ್ಟರಿಗೆ ತಾವು ಸಸ್ಯಾಹಾರಿ ಅಂತ ಮೊದಲೇ ಹೇಳಿ. ಮಕ್ಕಳ ಹೊಟ್ಟೆ ಸಣ್ಣದು, ಬರೀ ಅನ್ನ-ಸಾರಿನಿಂದಲೇ ತುಂಬಿಸಬೇಡಿ. ತುಪ್ಪ, ಶೇಂಗಾ ಪುಡಿ, ಮೊಸರು ಜೊತೆಗಿರಲಿ. ಹಲ್ಲಿಲ್ಲದ ಅಜ್ಜ-ಅಜ್ಜಿಯರಿಗೆ ಕಾಳು ಅಗಿಯಲಾಗದು. ಹೆಸರುಬೇಳೆ ಹುಗ್ಗಿ, ಪುಟಾಣಿ ಹಿಟ್ಟು ಕಲಸಿದ ಗಟ್ಟಿ ಮಜ್ಜಿಗೆ ಕೊಡಿ.

ಹೆಜ್ಜೆ 8: ಪರೀಕ್ಷೆ

ಶುರು ಮಾಡುವ ಮುಂಚೆ ಒಮ್ಮೆ, ಮೂರು ತಿಂಗಳ ಮೇಲೆ ಒಮ್ಮೆ. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಡಿ ವಿಟಮಿನ್, ಇವು ನಾಲ್ಕು ಸಾಕು. ಐವತ್ತು ಅರವತ್ತು ಪರೀಕ್ಷೆಯ ಪ್ಯಾಕೇಜ್ ಎಲ್ಲರಿಗೂ ಬೇಕಾಗುವುದಿಲ್ಲ. ಫೆರಿಟಿನ್ ಅಂದರೆ ಮೈಯಲ್ಲಿರುವ ಕಬ್ಬಿಣದ ದಾಸ್ತಾನು, ಹಿಮೋಗ್ಲೋಬಿನ್ ಇಳಿಯುವ ಮುಂಚೆಯೇ ಇದು ಇಳಿದಿರುತ್ತದೆ. ಆದರೆ ಜ್ವರ, ಸೋಂಕು ಇದ್ದಾಗ ಸುಳ್ಳು ಸುಳ್ಳೇ ಏರಿ ಕಾಣುತ್ತದೆ, ಗುಣವಾದ ಮೇಲೆ ಮಾಡಿಸಿ. ಬಿ12 ಮಾತ್ರೆ ಶುರು ಮಾಡಿಬಿಟ್ಟು ಆಮೇಲೆ ಪರೀಕ್ಷೆಗೆ ಹೋದರೆ ಮೊದಲು ಎಷ್ಟಿತ್ತು ಅಂತ ಗೊತ್ತಾಗುವುದಿಲ್ಲ. ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮುಂಚೆ ಲ್ಯಾಬಿನವರಿಗೆ ಹೇಳಿ, ಕೆಲವು ರಿಪೋರ್ಟ್ ಅದರಿಂದ ಏರುಪೇರಾಗುತ್ತದೆ.